ಶಮ್ಸಾ ಎಂಬ ಕೋವಿ

೨೦೧೬ರ ಮಾರ್ಚ್ ೧೪, ಸೋಮವಾರ. ಬೆಳಿಗ್ಗೆ ಎಂಟು ಹತ್ತಕ್ಕೆ ವೃದ್ಧ ಹಮೂದ್ ಒಮಾನಿನ ನಿಜ್ವಾ ಪೊಲೀಸ್ ಠಾಣೆಗೆ ಬಂದು, ತಾತನ ಕಾಲದ ಕೋವಿ ಶಮ್ಸಾ ಗೋಡೆಯ ಮೇಲಿಲ್ಲವೆಂದು ದೂರು ಬರೆಸಿದರು. ಒಂಬತ್ತೂವರೆಗೆ ಇನ್‌ಸ್ಪೆಕ್ಟರ್ ನಾಸಿರ್, ಹಿಂದಿ ಬಲ್ಲ ಕಾನ್‌ಸ್ಟೇಬಲ್ ಮುರಾದನೊಂದಿಗೆ ಅವರ ಮನೆಗೆ ಬಂದ. ಜೀಪಿನ ಬಾಗಿಲು ಬಡಿದ ಸದ್ದಿಗೆ ಐಡಾ ಗಂಜಿ ಬಟ್ಟಲು ಹಿಡಿದೇ ಹೊರಬಂದಳು.

ಐಡಾ ಉಡುಪಿ ಕಡೆಯ ನರ್ಸ್. ಪಾರ್ಶ್ವವಾಯು ಬಡಿದ ಹಮೂದರ ಹೆಂಡತಿಯನ್ನು ಆರು ವರ್ಷದಿಂದ ನೋಡಿಕೊಳ್ಳುತ್ತ, ಆ ಮನೆಯ ಹಿಂಬದಿಯ ಕೋಣೆಯಲ್ಲೇ ಇದ್ದಳು. ಅಲ್ಲಿ ಯಾರೂ ಕೋವಿಯನ್ನು ಕೋವಿ ಎನ್ನುತ್ತಿರಲಿಲ್ಲ. ಶಮ್ಸಾಳಿಗೆ ಎಣ್ಣೆ ಹಚ್ಚಿದಿರಾ, ಶಮ್ಸಾ ಮದುವೆಗೆ ಬರುತ್ತಾಳಾ ಎಂದೇ ಮಾತು. ತೈಲದ ಬೆಲೆ ಬಿದ್ದು ಕೆಲಸ ಕಳೆದುಕೊಂಡ ಮಗ ಸಾಲಿಂ ಮೂರು ತಿಂಗಳಿಂದ ಬೇರೆ ಯಾರೊಡನೆಯೂ ಮಾತಾಡದೆ ಅವಳನ್ನೇ ಒರೆಸುತ್ತ ಕೂರುತ್ತಿದ್ದ.

ಕಿಟಕಿ ಮುರಿದಿರಲಿಲ್ಲ, ಬೀಗ ಸರಿಯಿತ್ತು. ಗುಂಡಿನ ಚೀಲವೂ ಹೋಗಿತ್ತು. ಪಕ್ಕದಲ್ಲೇ ತೂಗಿದ್ದ ಬೆಳ್ಳಿಯ ಬಾಕು ಹಾಗೇ ಇತ್ತು. ಮಾರುವ ಕಳ್ಳ ಬೆಳ್ಳಿ ಬಿಡುವುದಿಲ್ಲ, ಎಲ್ಲರ ಕೋಣೆ ನೋಡೋಣ ಎಂದು ನಾಸಿರ್ ಅರಬಿಯಲ್ಲಿ ಹೇಳಿದ್ದು ಆರು ವರ್ಷ ಅಲ್ಲೇ ಇದ್ದ ಐಡಾಳಿಗೆ ಅರ್ಥವಾಯಿತು. ಗಂಜಿ ಬಟ್ಟಲನ್ನು ಕೆಳಗಿಟ್ಟಳು. ಸಿಕ್ಕಿಬಿದ್ದರೆ ಜೈಲು, ಆಮೇಲೆ ಊರಿಗೆ ಅಟ್ಟುವ ವಿಮಾನ. ಬಾಯಿಬಿಟ್ಟರೆ ಆ ಮುದುಕರ ಎದೆ ಒಡೆಯುತ್ತದೆ.

ಹನ್ನೊಂದಕ್ಕೆ ಪಂಚರ ಎದುರು ಅವಳ ಮಂಚದಡಿಯಿಂದ ಉದ್ದನೆಯ ಗಂಟೊಂದನ್ನು ಎಳೆದರು. ತನ್ನ ಮದುವೆಯ ಸೀರೆಯಲ್ಲಿ ಸುತ್ತಿ, ನುಸಿಗುಳಿಗೆ ಇಟ್ಟು ಮಲಗಿಸಿದ್ದಳು ಶಮ್ಸಾಳನ್ನು. ಮುರಾದ್ ಮಹಜರು ಬರೆಯತೊಡಗಿದ.

"ಮಗಳೇ, ನೀನಾ?" ಎಂದರು ಹಮೂದ್.

"ಗುಂಡುಗಳೆಲ್ಲಿ?" ನಾಸಿರ್ ಕೇಳಿದ.

"ಬಾವಿಗೆ ಹಾಕಿದೆ."

"ಇದನ್ನೂ ಹಾಕಬಹುದಿತ್ತಲ್ಲ. ನಮಗೆ ಸಿಗುತ್ತಲೇ ಇರಲಿಲ್ಲ."

"ಹೆಸರಿಟ್ಟು ಸಾಕಿದ್ದನ್ನು ಬಾವಿಗೆ ಹಾಕ್ಲಿಕ್ಕೆ ಆಗ್ತದಾ ಮಾರಾಯ್ರೆ?" ಹೆದರಿಕೆಯಲ್ಲಿ ಕನ್ನಡವೇ ಬಂದಿತ್ತು. ಮತ್ತೆ ಹಿಂದಿಯಲ್ಲಿ ಹೇಳಿದಳು, ಮುರಾದ್ ಅದನ್ನು ಅರಬಿಗೆ ತಿರುಗಿಸಿದ.

"ಯಾಕೆ ತೆಗೆದೆ?"

ಐಡಾಳ ಕಣ್ಣು ಬಾಗಿಲಲ್ಲಿ ನಿಂತ ಸಾಲಿಂನತ್ತ ಹೋಯಿತು. ಹಿಂದಿನ ದಿನ ಮಧ್ಯಾಹ್ನ, ಮನೆಯೆಲ್ಲ ಮಲಗಿದ್ದಾಗ, ಸಾಲಿಂ ನಳಿಗೆಯ ಬಾಯಿಗೆ ಗದ್ದ ಆನಿಸಿ, "ಶಮ್ಸಾ, ಇನ್ನು ಹೋಗೋಣ" ಎಂದದ್ದನ್ನು ಅವಳು ಬಾಗಿಲ ಸಂದಿನಿಂದ ಕೇಳಿದ್ದಳು. ಬೇಕೆಂದೇ ಬಟ್ಟಲು ಬೀಳಿಸಿದ್ದಳು. ಅವನು ಎದ್ದು ಹೋದ ಮೇಲೆ ಕೋವಿ ಎತ್ತಿಕೊಂಡಿದ್ದಳು.

ನಾಸಿರ್ ಅವಳ ದೃಷ್ಟಿ ಹೋದತ್ತ ನೋಡಿದ. ಸಾಲಿಂ ತಲೆ ತಗ್ಗಿಸಿದ. ಹನ್ನೆರಡು ಇಪ್ಪತ್ತಕ್ಕೆ ಅವಳ ಬಂಧನವಾಯಿತು. ಮುರಾದನ ಮಹಜರಿನಲ್ಲಿ ಕಾರಣದ ಜಾಗ ಖಾಲಿಯೇ ಉಳಿಯಿತು.

ಠಾಣೆಯಲ್ಲಿ ಸಹಿಗೆ ಮುಂಚೆ ಅವಳು ಒಂದೇ ಒಂದು ಮಾತು ಕೇಳಿದಳು.

"ಸಾರ್, ಅವಳನ್ನು ಮನೆಗೆ ಯಾವಾಗ ಕೊಡ್ತೀರಿ?"

"ಪುರಾವೆಯಲ್ಲವೇ. ಕೇಸು ಮುಗಿಯುವವರೆಗೆ ಇಲ್ಲೇ. ವರ್ಷವಾಗಬಹುದು."

ಐಡಾ ಪೆನ್ನು ಕೇಳಿದಳು. "ವರ್ಷ ಆದ್ರೆ ಒಳ್ಳೇದೇ ಸಾರ್" ಎಂದು ಸಹಿ ಹಾಕಿದಳು.