ಅಪ್ಪನ ಹೆಸರು ತೆಗೆದವರು ಯಾರು?

“ಇವರ ಹೆಸರಿಗೆ ವಿಮೆ ಇಲ್ಲ.”

ಆಸ್ಪತ್ರೆಯ ಕೌಂಟರಿನವನು ಕಾರ್ಡನ್ನು ಗಾಜಿನ ಕೆಳಗಿನಿಂದ ವಾಪಸ್ ತಳ್ಳಿದ. ಮಗಳು ಅದನ್ನು ತಿರುಗಿಸಿ ಮತ್ತೆ ಒಳಗೆ ತಳ್ಳಿದಳು — ಹಿಂಬದಿಯಲ್ಲಾದರೂ ಅಪ್ಪ ಇರಬಹುದೇನೋ ಎಂಬಂತೆ. ಇರಲಿಲ್ಲ. ಅಪ್ಪ ಇದ್ದದ್ದು ಎದುರಿನ ಬೆಂಚಿನ ಮೇಲೆ. ಅವರ ಹೃದಯದ ಕವಾಟ ಬದಲಿಸಲು ಅವತ್ತೇ ದಿನ ಗೊತ್ತಾಗಿತ್ತು.

ವಿಮಾ ಕಂಪನಿಯಿಂದ ನಾವಿಬ್ಬರು ಬಂದೆವು. ನಾನು ಸಹಾಯಕ. ನಮ್ಮ ಸಾಹೇಬರನ್ನು ಆಫೀಸಿನಲ್ಲಿ ಬೆನ್ನ ಹಿಂದೆ ಎಲ್ಲರೂ ಕೆದಕಪ್ಪ ಅನ್ನುತ್ತಾರೆ.

ಸಂಗತಿ ಇಷ್ಟು. ಮಗಳ ಕೆಲಸದಿಂದ ಬರುವ ವಿಮೆಯಲ್ಲಿ ಅವಳು, ಗಂಡ, ಮಕ್ಕಳು ಎಲ್ಲರಿಗೂ ಜಾಗವುಂಟು. ಹಿರಿಯರಲ್ಲಿ ಮಾತ್ರ ಒಂದೇ ಕಡೆಯವರು — ಹೆತ್ತವರು, ಇಲ್ಲವೇ ಅತ್ತೆ-ಮಾವ. ವರ್ಷಕ್ಕೊಮ್ಮೆ ಕಂಪ್ಯೂಟರಿನಲ್ಲಿ ಆರಿಸಬೇಕು. ಮಗಳು ಅಪ್ಪನನ್ನು ಆರಿಸಿದ್ದಳು. ಗಡುವಿಗೆ ಮುಂಚೆ ಯಾರೋ ಅಪ್ಪನನ್ನು ಎಬ್ಬಿಸಿ ಆ ಜಾಗದಲ್ಲಿ ಅತ್ತೆಯನ್ನು ಕೂರಿಸಿದ್ದರು. ಅವಳ ಲ್ಯಾಪ್‌ಟಾಪ್ ಸದಾ ಅಪ್ಪ, ಅತ್ತೆ ಎಲ್ಲರೂ ಇರುವ ಮನೆಯ ಊಟದ ಮೇಜಿನ ಮೇಲೆ ಬಾಯಿ ತೆರೆದುಕೊಂಡೇ ಇರುತ್ತಿತ್ತು. ಅವಳಿಗೆ ತಿಳಿಯದೆ ಆದದ್ದೆಂದು ಸಾಬೀತಾದರೆ ಹೆಸರು ಮರಳಿ ಸೇರುತ್ತದೆ. ಇಲ್ಲದಿದ್ದರೆ ಮುಂದಿನ ವರ್ಷ. ಕವಾಟ ಅಲ್ಲಿಯವರೆಗೆ ಕಾಯುವುದಿಲ್ಲವೆಂದು ಡಾಕ್ಟರ್ ಹೇಳಿಯಾಗಿತ್ತು.

ಮೊದಲು ಅತ್ತೆ. ಆ ಯಂತ್ರ ಎಲ್ಲಿ ಒತ್ತಿದರೆ ಏಳುತ್ತದೆ ಎಂಬುದೂ ತನಗೆ ತಿಳಿಯದು ಎಂದರು. ಆಮೇಲೆ ಅತ್ತೆ ಅತ್ತರು, ಹೆಸರಿಗೆ ತಕ್ಕ ಹಾಗೆ. ಗಂಡ ಅಳಲಿಲ್ಲ. ಅಮ್ಮನ ಮಂಡಿಗೆ ವಿಮೆ ಬೇಕೆಂದು ಜಗಳ ತೆಗೆದದ್ದು ನಿಜ, ಸೋತದ್ದೂ ನಿಜ ಎಂದ.

“ನೀವೇ ಅಲ್ವಾ?” ಮಗಳು ಕೇಳಿದಳು. ಸಿಟ್ಟಿರಲಿಲ್ಲ. ಹಾಲು ತಂದಿರಾ ಎಂದು ಕೇಳುವ ದನಿ.

“ನಾನಲ್ಲ.”

“ಸರಿ. ಮಕ್ಕಳನ್ನೂ ಅಪ್ಪನನ್ನೂ ಕರ್ಕೊಂಡು ಬೇರೆ ಮನೆ ಮಾಡ್ತೀನಿ.”

ಅಪ್ಪ ಬೆಂಚಿನ ತುದಿಯಲ್ಲಿ ಕಡ್ಡಿಯಿಂದ ಹಲ್ಲು ಕೆದಕುತ್ತಿದ್ದರು. ಬೆಳಿಗ್ಗೆ ಗಾಳಿ ಬೇಕೆಂದು ಮನೆಯವರಿಗಿಂತ ಮೊದಲೇ ಹೊರಟು ನಿಧಾನವಾಗಿ ನಡೆದು ಬಂದಿದ್ದರಂತೆ. ನರ್ಸ್ ಬಂದು, ರಾತ್ರಿಯಿಂದ ಏನೂ ತಿಂದಿಲ್ಲವಷ್ಟೇ ಎಂದು ವಿಚಾರಿಸಿದಳು. ಒಂದು ಹನಿ ನೀರೂ ಇಲ್ಲವೆಂದು ಅಪ್ಪನ ಬದಲು ಮಗಳೇ ಹೇಳಿದಳು.

ಕೆದಕಪ್ಪ ಗಂಡನನ್ನು ಬಿಟ್ಟು ಅಪ್ಪನ ಪಕ್ಕ ಕೂತರು.

“ಹಲ್ಲಲ್ಲಿ ಏನು ಸಿಕ್ಕಿಕೊಂಡಿದೆ, ಯಜಮಾನ್ರೇ?”

ಕಡ್ಡಿ ನಿಂತಿತು.

“ರಾತ್ರಿಯಿಂದ ಉಪವಾಸ ಇರೋ ಬಾಯಲ್ಲಿ ಕೆದಕೋಕೆ ಏನಿರತ್ತೆ? ಕೆದಕೋ ಕೆಲಸ ನಂದು.”

ಕೆದಕಪ್ಪ ನಮ್ಮ ಕಡೆ ತಿರುಗಿ ಬಿಡಿಸಿ ಹೇಳಿದರು — ಆಪರೇಷನ್ ನಡೆಯುತ್ತದೆಂದು ನಂಬಿದವರು ಹೊಟ್ಟೆ ತುಂಬಿಸಿಕೊಂಡು ಬರುವುದಿಲ್ಲ. ಕಾರ್ಡ್ ನಡೆಯುವುದಿಲ್ಲವೆಂದು ಕೌಂಟರಿನವನಿಗಿಂತ ಮೊದಲು ಗೊತ್ತಿದ್ದದ್ದು ಯಾರಿಗೆ? ಹೆಸರು ತೆಗೆದವರಿಗೆ. ಲಾಭ ಯಾರಿಗೆಂದು ನಾವೆಲ್ಲ ಹುಡುಕುತ್ತಿದ್ದೆವು. ಬೇಡವಾಗಿದ್ದು ಯಾರಿಗೆಂದು ಒಬ್ಬರೂ ಕೇಳಲಿಲ್ಲ.

“ಹೌದು, ನಾನೇ,” ಎಂದರು ಅಪ್ಪ, ನೆಲ ನೋಡುತ್ತಾ. “ನಿಮ್ಮಮ್ಮ ಆ ಆಪರೇಷನ್ ಬಾಗಿಲಲ್ಲಿ ಒಳಗೆ ಹೋದ್ಳು. ಹೊರಗೆ ತಂದಿದ್ದು ಬೇರೆ ಬಾಗಿಲಿಂದ. ನಂಗೆ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ, ಪುಟ್ಟೀ. ನೀನು ಎಲ್ಲಾ ಗೊತ್ತು ಮಾಡಿಬಿಟ್ಟಿದ್ದೆ.”

“ತಪ್ಪು ನನ್ನ ಮೇಲೆ ಬಂತಲ್ಲ ಮಾವ,” ಎಂದ ಅಳಿಯ. “ಒಂದು ಮಾತು ಹೇಳಬಾರದಿತ್ತಾ?”

“ನೀವು ತಡ್ಕೋತೀರ ಅಂದ್ಕೊಂಡೆ.”

ಇನ್ನು ಹೆಸರು ಸೇರಿಸಲು ಅಡ್ಡಿಯಿಲ್ಲ, ಸಂಜೆಯೊಳಗೆ ಆಗುತ್ತದೆ ಎಂದರು ಕೆದಕಪ್ಪ. ಯಾರ ಮುಖವೂ ಅರಳಲಿಲ್ಲ. ಅತ್ತೆ ಸರಿದು ಜಾಗ ಬಿಟ್ಟರು. ಮಗಳು ಗಂಡನ ಪಕ್ಕ ಕೂತಳು, ಅವನ ಕಡೆ ನೋಡದೆ. ಅಪ್ಪನ ಕಡೆ ತಿರುಗಿದಳು.

“ಆಪರೇಷನ್ ಮಾಡಿಸ್ಕೋತೀರಾ, ಅಪ್ಪ?”

ಅಪ್ಪ ಕಾರಿಡಾರಿನ ಕೊನೆಯ ಬಾಗಿಲನ್ನು ನೋಡಿದರು. ಯಾರೋ ಒಳಗೆ ಹೋದರು. ಬಾಗಿಲು ಒಂದಿಷ್ಟು ತೂಗಾಡಿ ನಿಂತಿತು.

“ನಾಳೆ ಇನ್ನೊಂದ್ಸಲ ಕೇಳು.”

“ಕೇಳ್ತೀನಿ,” ಎಂದಳು ಮಗಳು.