ಗಂಟಿನೊಳಗಿನ ಬಿಸಿ

ಬ್ಯಾಗು ಸಿಕ್ಕಿದ್ದು ಹುಮನಾಬಾದ್ ಬಸ್ ನಿಲ್ದಾಣದ ಬೆಂಚಿನ ಕೆಳಗೆ. ಒಳಗೆ ಎರಡು ಚೂಡಿದಾರ, ಸ್ವಿಚ್ ಆಫ್ ಆದ ಮೊಬೈಲು, ಆಧಾರ್ ಕಾರ್ಡು. ಹೆಸರು ವಿಶಾಖಾ, ಊರು ಘಾಟಬೋರಾಳ. ಹುಡುಗಿ ಮಾತ್ರ ಇಲ್ಲ.

ತಾಯಿ ಸೋನುಬಾಯಿ ಬೆಳಿಗ್ಗೆಯೇ ಠಾಣೆಗೆ ಬಂದು ಕೂತಿದ್ದಳು. ಚಹಾ ಕೊಟ್ಟರೂ ಮುಟ್ಟಲಿಲ್ಲ.

"ಮಗಳು ಸಿಗೂತನಕ ಗಂಟಲಾಗ ಏನೂ ಇಳಿಯಂಗಿಲ್ರಿ ಸಾಹೇಬ್ರ."

ವಿಶಾಖಾ ಹೈದರಾಬಾದಿನ ದೊಡ್ಡ ಹೋಟೆಲೊಂದರಲ್ಲಿ ಜೋಳದ ರೊಟ್ಟಿ ಬಡಿಯುವವಳು. ಆ ರೊಟ್ಟಿಗಾಗಿ ಜನ ಕಾರಿನಲ್ಲಿ ಬಂದು ಸಾಲು ನಿಲ್ಲುತ್ತಾರಂತೆ. ಎಂಟು ದಿನದಿಂದ ಅವಳ ಫೋನಿಲ್ಲ.

ನಾನು, ಕಾನ್‌ಸ್ಟೆಬಲ್ ಸಂಜೀವಕುಮಾರ, ಒಂದೇ ತಾಸಿನಲ್ಲಿ ಅಪರಾಧಿಯನ್ನು ಗೊತ್ತು ಮಾಡಿಬಿಟ್ಟೆ. ಕಪಿಲ—ಹುಲಸೂರಿನವನು, ಅದೇ ಹೋಟೆಲಿನಲ್ಲಿ ಬಡಿಸುವವನು. ರಜೆಗೆ ಊರಿಗೆ ಬಂದಿದ್ದ. ವಿಶಾಖಾಳ ಕೊನೆಯ ಕರೆ ಹೋಗಿದ್ದು ಅವನಿಗೇ. ಠಾಣೆಗೆ ಕರೆಸಿ ಎದುರಿಗೆ ಕೂರಿಸಿಕೊಂಡೆ.

"ಏನಂದ್ಲು?"

"ಹೋಟೆಲ್ ಬಿಡ್ತೀನಿ ಅಂದ್ಲರಿ. ಸ್ವಂತ ಖಾನಾವಳಿ ತೆಗೀತೀನಿ ಅಂದ್ಲು. ಜಾಗಾನೂ ನೋಡಿದ್ಲು."

"ನೀ ಮದುವಿ ಮಾತು ಎತ್ತಿದಿ. ಆಕಿ ಒಲ್ಲೆ ಅಂದ್ಲು. ಹೌದಿಲ್ಲ?"

ಅವನ ಮುಖ ಬಿಳಿಚಿಕೊಂಡಿತು. "ಖರೇರಿ. ಅಷ್ಟಕ್ಕ ನಾ ಆಕೀಗೆ ಏನರ ಮಾಡ್ತೀನೇನ್ರಿ?"

ಮಾಡುತ್ತಾನೆ ಎಂದೇ ನನ್ನ ನಂಬಿಕೆ. ಮೂಲೆಯಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಮಾಣಿಕಮ್ಮನವರು ಬ್ಯಾಗಿನ ಸಾಮಾನು ಒಂದೊಂದೇ ಬರೆದುಕೊಳ್ಳುತ್ತಿದ್ದರು.

ಮಧ್ಯಾಹ್ನ ಹೋಟೆಲ್ ಮಾಲೀಕ ಧನರಾಜ ಬಂದ. ನಾವೇ ಕರೆಸಿದ್ದೆವು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಟ್ಟೆಯ ಗಂಟು.

"ಸೀದಾ ಹೈದರಾಬಾದಿನಿಂದ ಬರಾಕತ್ತೇನ್ರಿ. ನಾಲ್ಕು ತಾಸು ಎಲ್ಲೂ ನಿಂತಿಲ್ಲ. ನಮ್ಮ ಹೋಟೆಲ್ ರೊಟ್ಟಿ ಇವು. ಊಟಾ ಮಾಡ್ರಿ."

"ವಿಶಾಖಾ?" ಎಂದೆ.

"ಎಂಟು ದಿನಾತ್ರಿ ಬಿಟ್ಟು ಹೋಗಿ. ಕಪಿಲನ ಕೂಡ ಹೊಂಟೀನಿ ಅಂತ ಹೇಳೇ ಹೋದ್ಲು."

"ಸುಳ್ಳು!" ಕಪಿಲ ಎದ್ದು ನಿಂತ. ನಾನು ಗದರಿಸಿ ಕೂರಿಸಿದೆ.

"ಈಗ ರೊಟ್ಟಿ ಬಡಿಯೋರು ಯಾರ್ರಿ?" ಮಾಣಿಕಮ್ಮನವರು ಮೂಲೆಯಿಂದ ಕೇಳಿದರು.

"ಹೈದರಾಬಾದಿನಾಗ ಬ್ಯಾರೆ ಹೆಣ್ಮಕ್ಕಳು ಇದ್ದಾರ್ರಿ. ರೊಟ್ಟಿ ಬಡಿಯಾಕ ಏನ್ ದೊಡ್ಡ ವಿದ್ಯಾ ಬೇಕ್ರಿ?"

ಮಾಣಿಕಮ್ಮನವರು ಗಂಟು ಬಿಚ್ಚಿದರು. ರೊಟ್ಟಿಗಳ ನಡುವೆ ಹೋದ ಕೈ ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಒಂದು ರೊಟ್ಟಿ ತೆಗೆದು ಸೋನುಬಾಯಿಗೆ ಕೊಟ್ಟರು. ಆಕೆ ಅದರ ಅಂಚಿನ ಮೇಲೆ ಬೆರಳಾಡಿಸಿದಳು. ಧನರಾಜನ ಕಡೆ ನೋಡಿದಳು. ಅಳತೊಡಗಿದಳು.

ಮಗಳ ನೆನಪು, ಇನ್ನೇನು ಎಂದುಕೊಂಡೆ. "ಉಣ್ಣವ್ವಾ" ಎಂದೆ. ಉಣ್ಣಲಿಲ್ಲ. ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

"ಧನರಾಜ ಅವ್ರ, ನಿಮ್ಮ ಮೂಲ ಊರು ಯಾವದ್ರಿ?" ಎಂದರು ಮಾಣಿಕಮ್ಮನವರು.

"ಬಸವಕಲ್ಯಾಣ."

"ಅಲ್ಲಿ ಮನಿ ಮಠ?"

"ಹಳೇ ಗೋದಾಮು ಒಂದು ಅದರಿ. ಮುಚ್ಚಿ ಎರಡು ವರ್ಷಾತು." ಅವನ ದನಿ ತಗ್ಗಿತು.

"ಸಂಜೀವ, ಜೀಪ್ ತೆಗಿ. ಎಲ್ಲಾರೂ ಹತ್ರಿ."

ಠಾಣೆಯಿಂದ ಮುಕ್ಕಾಲು ತಾಸಿನ ಹಾದಿ, ಬಸವಕಲ್ಯಾಣದ ಹೊರವಲಯದಲ್ಲಿ ತಗಡಿನ ಗೋದಾಮು. ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಬಾಗಿಲಿಗೆ ಹೊಸ ಬೀಗ. ಸಂದಿಯಿಂದ ಹೊಗೆ ಬರುತ್ತಿತ್ತು. ಒಳಗಿಂದ ಸದ್ದು—ಪಟ್, ಪಟ್, ಪಟ್.

"ಕೀಲಿ ಕೊಡ್ರಿ."

"ಹೈದರಾಬಾದಿನಾಗ…"

ನಾನು ಧನರಾಜನ ಜೇಬಿಗೇ ಕೈ ಹಾಕಿದೆ. ಕೀಲಿ ಅಲ್ಲೇ ಇತ್ತು.

ಒಲೆಯ ಮುಂದೆ ಬೆವರಿನಲ್ಲಿ ತೊಯ್ದು ಕೂತಿದ್ದಳು ವಿಶಾಖಾ. ಬಾಗಿಲು ತೆರೆದರೂ ಕೈ ನಿಲ್ಲಲಿಲ್ಲ, ನಮ್ಮತ್ತ ನೋಡಲೂ ಇಲ್ಲ. ತಾಯಿಯ ದನಿ ಕೇಳಿದ ಮೇಲೆಯೇ ಹಿಟ್ಟು ಬಿಟ್ಟಳು.

"ಖಾನಾವಳಿ ತೆಗೀತೀನಿ ಅಂದಿದ್ದಕ್ಕ ಈ ಧನರಾಜ ಇಲ್ಲಿ ತಂದು ಹಾಕಿದ್ನರಿ ಅಕ್ಕಾರ. ನಾ ಹೋದ್ರ ಹೋಟೆಲ್ ಬಂದ್ ಆಗ್ತದಂತ. ಇಲ್ಲಿಂದನ ದಿನಾ ಹೈದರಾಬಾದಿಗೆ ರೊಟ್ಟಿ ಒಯ್ತಾನರಿ. ರೊಟ್ಟಿ ಬಡೀಲಿಲ್ಲಂದ್ರ ಅವ್ವನ್ನೂ ತಂದು ಕೂಡಿ ಹಾಕ್ತೀನಿ ಅಂದ."

"ಇಲ್ಲೇ ಇದ್ದಾಳಂತ ಹ್ಯಾಂಗ ಗೊತ್ತಾತ್ರಿ?" ಎಂದು ಮಾಣಿಕಮ್ಮನವರನ್ನು ಕೇಳಿದೆ.

"ಗಂಟಿನ ಒಳಗ ಬಟ್ಟೆ ಒದ್ದಿ ಇತ್ತು. ನಡುವಿನ ರೊಟ್ಟಿ ಇನ್ನೂ ಬಿಸಿ. ರೊಟ್ಟಿ ಬಡಿಯೋರು ಯಾರೂ ಬಿಸೀವು ಗಂಟು ಕಟ್ಟಂಗಿಲ್ಲ, ಬೆವರ್ತಾವ. ಹರವಿ, ಆರಿಸಿ ಕಟ್ತಾರ. ರೊಟ್ಟಿ ಮಾರಿ ದೊಡ್ಡಾಂವ ಆದ ಈ ಧನರಾಜಗ ಅಷ್ಟೂ ತಿಳೀಲಿಲ್ಲ. ನಾಲ್ಕು ತಾಸಿನ ಹಾದಿಗೆ ಬಿಸಿ ಉಳೀತದೇನು? ಒಂದು ತಾಸಿನೊಳಗ ಬೆಂದದ್ದು ಅದು. ಹುಡುಗಿನ್ನ ಕೂಡಿ ಹಾಕಿದಾಂವ ಇವನೇ. ಬ್ಯಾಗ್ ಇಟ್ಟಾಂವನೂ ಇವನೇ, ಕಪಿಲನ ಮ್ಯಾಲೆ ಹಾಕಾಕ."

"ಆ ರೊಟ್ಟಿ ಇವಳೇ ಬಡಿದದ್ದಂತ ಹ್ಯಾಂಗ ತಿಳೀತ್ರಿ?"

ಉತ್ತರ ಕೊಟ್ಟಿದ್ದು ಸೋನುಬಾಯಿ. ಮಗಳ ಬಲಗೈ ಎತ್ತಿ ತೋರಿಸಿದಳು. ಉಂಗುರ ಬೆರಳಿಗೆ ತುದಿ ಇರಲಿಲ್ಲ. "ಸಣ್ಣಾಕಿದ್ದಾಗ ದನಕ್ಕ ಕಣಕಿ ಮೇವು ಕೊಚ್ಚೂ ಮಶೀನಿನಾಗ ಹೋತ್ರಿ. ರೊಟ್ಟಿ ಅಂಚಿಗೆ ಆ ಬೆರಳಿನ ಗುರುತು ಬೀಳಂಗಿಲ್ಲ. ನೋಡಿದ ಕೂಡಲೇ ತಿಳೀತು. ಆದ್ರ ಇವನ ಮುಂದ ಹ್ಯಾಂಗ ಅನ್ಲಿರಿ? ಇವನ ಕೈಯಾಗ ಇದ್ದಾಳಲ್ಲ ನನ್ನ ಕೂಸು."

ನನಗೆ ಕಪಿಲನ ಮುಖ ನೋಡಲು ನಾಚಿಕೆಯಾಯಿತು. ತಪ್ಪಾಯಿತು ಎಂದೆ. ಅವನು ತಲೆಯಾಡಿಸಿದ, ಅಷ್ಟೆ.

ಸೋನುಬಾಯಿ ಸೆರಗಿನ ಗಂಟು ಬಿಚ್ಚಿ ರೊಟ್ಟಿ ಮುರಿದಳು.

"ಅದು ಬ್ಯಾಡವ್ವಾ, ಅದು ಅವನ ರೊಟ್ಟಿ," ಎಂದಳು ವಿಶಾಖಾ.

"ಅವನದು ಹ್ಯಾಂಗ ಆಗ್ತದವ್ವಾ? ನಿನ್ನ ಕೈ ಗುರುತು ಅದ ಇದರಾಗ."

ಬೆಳಗಿನಿಂದ ಏನೂ ಇಳಿಯದ ಗಂಟಲಲ್ಲಿ ಮೊದಲ ತುತ್ತು ಇಳಿಯಿತು.