ಮುದ್ರೆ ಬಿದ್ದ ಬ್ರೇಕ್

ಬ್ರೇಕ್ ಒತ್ತಿದೆ.

ಪೆಡಲ್ ಗಟ್ಟಿಯಾಗಿಯೇ ಇತ್ತು. ಬೈಕ್ ಮಾತ್ರ ನಿಲ್ಲಲಿಲ್ಲ!

ದಿಯೆಂಗ್ ಬೆಟ್ಟದ ಇಳಿಜಾರು. ಪಕ್ಕದಲ್ಲಿ ಪ್ರಪಾತ. ಬೆನ್ನ ಹಿಂದೆ ಹಾರ್ನ್ ಬಾರಿಸುತ್ತಾ ವಿಗ್ನ್ಯೊನ ಪಿಕಪ್. ಹಿಂದಿನ ಚಕ್ರದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಿರುಚಾಟ... ಗೇರ್ ಇಳಿಸಿದೆ. ಇನ್ನೂ ಇಳಿಸಿದೆ. ಮುಂದಿನ ಬ್ರೇಕ್ ಇದ್ದೂ ಇಲ್ಲದಂತೆ.

ಕೆಳಗೆ ಪೊಲೀಸ್ ಠಾಣೆ. ಅದರೆದುರು ಆಲೂಗಡ್ಡೆ ಹೊಲಕ್ಕೆಂದು ತಂದಿಟ್ಟ ಕೋಳಿಗೊಬ್ಬರದ ಮೂಟೆಗಳು. ಸಾವಿಗಿಂತ ಗೊಬ್ಬರ ವಾಸಿ. ನುಗ್ಗಿಸಿದೆ!

ಬದುಕಿದೆ. ನಾತದ ಮಾತು ಬೇಡ.

ಇದೇ ಬೈಕಿನಲ್ಲಿ ಕೆಲವು ದಿನಗಳ ಹಿಂದೆ ಬಾಡಿಗೆ ಸವಾರ ತುಕಿಜೊ ಒಬ್ಬ ತರಕಾರಿ ವ್ಯಾಪಾರಿಯನ್ನು ಕೂರಿಸಿಕೊಂಡು ಇಳಿಯುತ್ತಿದ್ದ. ಬೈಕ್ ಬಂಡೆಗೆ ಬಡಿಯಿತು. ವ್ಯಾಪಾರಿ ಸತ್ತ. ತುಕಿಜೊ ಲಾಕಪ್ಪಿಗೆ ಹೋದ. ಇವತ್ತು ಅವನನ್ನು ಜಿಲ್ಲಾ ಜೈಲಿಗೆ ಸಾಗಿಸುವವರಿದ್ದರು.

"ನನ್ ಗಂಡ ಬ್ರೇಕ್ ಒತ್ತಿದ್ರು, ಮಾಸ್ ಕುಂಚೊರೊ. ನಿಲ್ಲಲಿಲ್ಲ ಅಷ್ಟೇ..." ಎಂದು ಅವನ ಹೆಂಡತಿ ಲಸ್ತ್ರಿ ನನ್ನ ಬಾಗಿಲಲ್ಲಿ ನಿಂತು ಅತ್ತಿದ್ದಳು. ಯಾರೂ ಮುಟ್ಟದ ಕೇಸು ಮುಟ್ಟುವುದು ನನ್ನ ಕಸುಬು.

ಬೈಕಿನ ಮಾಲೀಕ ಈ ವಿಗ್ನ್ಯೊ. ಎಂಥ ಜನ್ಮವೋ! ಸತ್ತವನ ಮನೆಯಲ್ಲಿ ಏಳನೇ ದಿನದ ಪ್ರಾರ್ಥನೆ ಮುಗಿದಿರಲಿಲ್ಲ, ಠಾಣೆಯಿಂದ ಬಿಡಿಸಿ, ಸೊಟ್ಟಗಾದ ಮಡ್‌ಗಾರ್ಡ್ ತಟ್ಟಿ ಅದೇ ಬೈಕನ್ನು ಮತ್ತೆ ಬಾಡಿಗೆಗೆ ಬಿಟ್ಟಿದ್ದ. ಬೆಳಿಗ್ಗೆ ಸುಳ್ಳು ಹೆಸರು ಹೇಳಿ ನಾನೇ ತೆಗೆದುಕೊಂಡೆ. ನಾನು ಯಾರೆಂದು ಗೊತ್ತಾದದ್ದೇ ತಡ, ಬೆನ್ನು ಹತ್ತಿದ.

ಪಿಕಪ್ ನಿಂತಿತು. ವಿಗ್ನ್ಯೊ ರಾಡು ಹಿಡಿದು ಇಳಿದ.

"ಬಿಡೋ ಬೈಕು, ಕಳ್ಳ ನನ್ಮಗನೇ!"

"ಬನ್ನಿ ಪಾಕ್, ಬನ್ನಿ. ಗೊಬ್ಬರ ನಿಮಗೂ ಸ್ವಲ್ಪ ಉಳಿಸಿದೀನಿ."

ರಾಡು ಹಿಡಿದಿದ್ದರೂ ದೊಡ್ಡವರು ಇಲ್ಲಿ 'ಪಾಕ್', ಅಂದರೆ ಯಜಮಾನರು. ರಾಡು ಮೇಲೆದ್ದಿತು. ಅಷ್ಟರಲ್ಲಿ ಕರಿದ ಸೋಯಾ ತೆಂಪೆ ಅಗಿಯುತ್ತಾ ಸಾರ್ಜೆಂಟ್ ಪ್ರಯಿತ್ನೊ ಹೊರಬಂದ. ರಾಡು ಕೆಳಗಿಳಿಯಿತು.

"ಏನ್ರೋ ಗಲಾಟೆ?"

"ಈ ಬೈಕಿಗೆ ಬ್ರೇಕಿಲ್ಲ ಪಾಕ್."

"ನಾನೇ ಚೆಕ್ ಮಾಡಿದೀನಿ ಕಣಯ್ಯ! ಪೆಡಲ್ ಒತ್ತಿದೆ, ಬಾಣ ಗೆರೆ ದಾಟ್ಲಿಲ್ಲ. ಶೂ ಚೆನ್ನಾಗಿದೆ."

ಹಿಂದಿನ ಡ್ರಮ್ಮಿನ ಹೊರಗೊಂದು ತೋಳು, ಅದರ ಮೇಲೊಂದು ಬಾಣ. ಒಳಗೆ ಚಕ್ರವನ್ನು ಒತ್ತಿ ನಿಲ್ಲಿಸುವ ಶೂ ಸವೆದರೆ ಬಾಣ ಗೆರೆ ದಾಟಬೇಕು. ಅಷ್ಟು ನೋಡಿ ಈ ಮಹಾನುಭಾವ ಒಬ್ಬನನ್ನು ಜೈಲಿಗೆ ಬರೆದಿದ್ದ. ಚಕ್ರ ಬಿಚ್ಚಿದರೆ ಕೈ ಕೊಳೆಯಾಗುತ್ತದಲ್ಲ!

ತೋಳಿನ ಬೋಲ್ಟಿನ ಮೇಲೆ ದಪ್ಪಗೆ ಕೆಂಪು ಬಣ್ಣ ಮೆತ್ತಿತ್ತು. ಸವಾರರು ಬಿಡಿಭಾಗ ಕದಿಯುತ್ತಾರೆಂದು ವಿಗ್ನ್ಯೊ ಎಲ್ಲ ಬೈಕುಗಳಿಗೂ ಹಾಕುವ ಮುದ್ರೆ.

"ಇದು ನಿಮ್ ಮುದ್ರೇನಾ ಪಾಕ್?"

"ಮತ್ತೆ ನಿಮ್ಮಪ್ಪಂದಾ? ತುಕಿಜೊಗೆ ಬೈಕ್ ಕೊಡೋ ಮುಂಚೆ ನನ್ ಕೈಯಾರೆ ಹಾಕಿದ್ದು. ಒಂದು ಬಿರುಕಿದ್ರೆ ತೋರ್ಸು!"

"ಅಂದ್ರೆ ನಿಮ್ಮ ನಂತರ ಯಾರೂ ಬಿಚ್ಚಿಲ್ಲ?"

"ಅಷ್ಟು ಧೈರ್ಯ ಯಾವನಿಗಿದೆ?"

ಸಾರ್ಜೆಂಟ್ ತಲೆಯಾಡಿಸಿದ. ನನಗೆ ಬೇಕಿದ್ದದ್ದು ಅಷ್ಟೇ.

ಬಣ್ಣ ಕೆರೆದೆ. ತೋಳಿನ ಮೇಲೊಂದು ಚುಕ್ಕಿ, ಅದು ಕೂತ ಕಡ್ಡಿಯ ತುದಿಯಲ್ಲೊಂದು ಚುಕ್ಕಿ. ಎರಡೂ ಎದುರುಬದುರು ಇರಬೇಕು. ಇರಲಿಲ್ಲ! ತೋಳನ್ನು ಕಿತ್ತು ಒಂದು ಹಲ್ಲು ಪಕ್ಕಕ್ಕೆ ಕೂರಿಸಿದ್ದರು. ಹಾಗೆ ಮಾಡಿದರೆ ಸವೆದ ಬ್ರೇಕಿನಲ್ಲೂ ಪೆಡಲ್ ಗಟ್ಟಿ, ಬಾಣ ಸಾಚಾ.

ಆಕ್ಸಲ್ ಎಳೆದೆ. ಚಕ್ರ ತೆಗೆದೆ. ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಶೂಗಳ ಮೇಲೆ ಲೈನಿಂಗ್ ಅನ್ನುವುದೇ ಇಲ್ಲ, ಬರೀ ಲೋಹ. ಡ್ರಮ್ಮಿನೊಳಗೆ ಉಳುಮೆ ಮಾಡಿದಂಥ ಗೀರುಗಳು.

ಸಾರ್ಜೆಂಟನ ಬಾಯಲ್ಲಿ ತೆಂಪೆ ನಿಂತುಹೋಯಿತು.

"ಆ ತುಕಿಜೊನೇ ತಿರುಗ್ಸಿರ್ತಾನೆ!" ವಿಗ್ನ್ಯೊ ಅರಚಿದ.

"ಮುದ್ರೆ ಒಡೀದೆ? ಈಗ ತಾನೇ ನೀವೇ ಹೇಳಿದ್ರಲ್ಲ ಪಾಕ್..."

ಬಡವರನ್ನು ನಂಬದೆ ಹಾಕಿದ ಬಣ್ಣ. ಅದೇ ವಿಗ್ನ್ಯೊನ ಮುಖದ ಬಣ್ಣವನ್ನೂ ಇಳಿಸಿತು.

ತುಕಿಜೊ ಲಾಕಪ್ಪಿನಿಂದ ಹೊರಬಂದ. ಬೆಳಿಗ್ಗೆಯಿಂದ ಠಾಣೆ ಬಾಗಿಲಲ್ಲೇ ಕಾದಿದ್ದ ಲಸ್ತ್ರಿ ಅವನ ಕೈ ಹಿಡಿದವಳು ಬಿಡಲೇ ಇಲ್ಲ. ಅದೇ ಕೋಣೆಗೆ ವಿಗ್ನ್ಯೊನನ್ನು ತಳ್ಳಿ ಸಾರ್ಜೆಂಟ್ ಬೀಗ ಜಡಿದ.

"ಬೀಗ ಗಟ್ಟಿಯಾಗಿದೆ," ಎಂದ, ನನ್ನ ಮುಖ ನೋಡದೆ.

"ಹೊರಗಿಂದ ನೋಡಿ ಹೇಳ್ಬೇಡಿ ಪಾಕ್... ಈ ಸಲನಾದ್ರೂ ಎಳೆದು ನೋಡಿ!"